ಬಾಟಲಿಯ ಕಥೆ ಬದಿಗಿಟ್ಟರೆ

ಫಿಜಿಯ ರಗ್ಬಿ ಸೆವೆನ್ಸ್ ಆಟಗಾರ ಜೆರ್ರಿ ತುವಾಯಿಯ ಬಗ್ಗೆ ಬಂದಿರುವ ಬರಹಗಳೆಲ್ಲ ಹೆಚ್ಚುಕಡಿಮೆ ಒಂದೇ ಜಾಗದಿಂದ ಹೊರಡುತ್ತವೆ. ರಾಜಧಾನಿ ಸುವಾದ ಅಂಚಿನ ನ್ಯೂಟೌನ್, ಅಲ್ಲೊಂದು ತಗಡಿನ ಒಂದೇ ಕೋಣೆಯ ಮನೆ, ರಸ್ತೆಯ ವೃತ್ತದ ಹುಲ್ಲಿನ ಮೇಲೆ ಖಾಲಿ ಪ್ಲಾಸ್ಟಿಕ್ ಬಾಟಲಿಯನ್ನೇ ಚೆಂಡು ಮಾಡಿಕೊಂಡು ಆಡುವ ಹುಡುಗರು. ಬಾಟಲಿಯ ಹಿಂದೆಯೇ ತಾಯಿಯ ಪ್ರವೇಶ. ಈ ಬೂಟುಗಳೇ ನಿನ್ನ ಚಾಕು, ನಿನ್ನ ಫೋರ್ಕು, ಇವುಗಳಿಂದಲೇ ನೀನು ಉಣ್ಣಬೇಕು ಎಂದು ಅವಳು ಮಗನಿಗೆ ಹೇಳಿದಳೆಂಬ ಕಥೆ ಕ್ರೀಡಾ ಪುಟಗಳಲ್ಲಿ ಸಾಕಷ್ಟು ಸುತ್ತಾಡಿದೆ. ಕೊನೆಗೆ ಚಿನ್ನದ ಪದಕ, ಕಣ್ಣೀರು, ದೇವರ ಹಾಡು. ಅಲ್ಲಿಗೆ ಬರಹ ಮುಗಿಯುತ್ತದೆ.

ಬಡತನ ನಿಜವೇ. ನನ್ನ ತಕರಾರು ಅದರ ಮೇಲಲ್ಲ. ಕಥೆ ಎಷ್ಟು ಸೊಗಸಾಗಿದೆಯೆಂದರೆ ಅದು ಆಟವನ್ನೇ ನುಂಗಿ ಕೂತಿದೆ. 2016ರ ರಿಯೊದಲ್ಲಿ ಚಿನ್ನ, ಕೊರೊನಾದಿಂದಾಗಿ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮತ್ತೆ ಚಿನ್ನ, 2024ರ ಪ್ಯಾರಿಸ್‌ನಲ್ಲಿ ಬೆಳ್ಳಿ. 2019ರಲ್ಲಿ ವಿಶ್ವ ರಗ್ಬಿ ಸಂಸ್ಥೆ ಕೊಡುವ ವರ್ಷದ ಸೆವೆನ್ಸ್ ಆಟಗಾರ ಪ್ರಶಸ್ತಿ, ಮರುವರ್ಷ ದಶಕದ ಆಟಗಾರ ಎಂಬ ಗೌರವ. ಇಷ್ಟೆಲ್ಲ ಗಳಿಸಿದವನು ಮೈದಾನದಲ್ಲಿ ನಿಜಕ್ಕೂ ಏನು ಮಾಡುತ್ತಿದ್ದ ಎಂದು ಕೇಳಿದರೆ ಆ ಬರಹಗಳ ಹತ್ತಿರ ಉತ್ತರವಿಲ್ಲ. ಮಾಂತ್ರಿಕ, ಹುಟ್ಟು ಪ್ರತಿಭೆ, ರಕ್ತಗತ ಎಂಬ ಮೂರು ಮಾತಿನಲ್ಲಿ ಕೈತೊಳೆದುಕೊಳ್ಳುತ್ತವೆ. ಫಿಜಿಯವರ ಮಟ್ಟಿಗೆ ಈ ಹೊಗಳಿಕೆ ಹಳೆಯದು. ಹೊಗಳಿಕೆಯ ವೇಷದಲ್ಲಿರುವ ಉದಾಸೀನವೂ ಹೌದು. ಇಂಗ್ಲಿಷರು ಯೋಜನೆ ಹಾಕುತ್ತಾರೆ, ನ್ಯೂಜಿಲೆಂಡಿನವರು ದುಡಿಯುತ್ತಾರೆ, ಫಿಜಿಯವರು ಮಾತ್ರ ಹೇಗೋ ಆಡಿಬಿಡುತ್ತಾರೆ! ತುವಾಯಿಯ ಹತ್ತು ವರ್ಷದ ಆಟವನ್ನು ಸಾವಧಾನವಾಗಿ ನೋಡಿದವರಿಗೆ ಈ ಮಾತು ಒಪ್ಪಿಗೆಯಾಗುವುದಿಲ್ಲ. ಅವನಷ್ಟು ಲೆಕ್ಕ ಹಾಕಿ ಆಡಿದವರು ಆ ಆಟದಲ್ಲಿ ಕಡಿಮೆ.

ಸೆವೆನ್ಸ್ ನಮ್ಮಲ್ಲಿ ಅಷ್ಟಾಗಿ ಪರಿಚಿತವಲ್ಲ. 2025ರ ಜೂನ್‌ನಲ್ಲಿ ಮುಂಬೈಯಲ್ಲಿ ನಡೆದ ಮೊದಲ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಎಂಬ ತಂಡ ಇತ್ತು, ಟಿವಿಯಲ್ಲಿ ಕೆಲವರಾದರೂ ನೋಡಿರಬಹುದು. ನೋಡದವರಿಗಾಗಿ ಎರಡು ಮಾತು. ಹದಿನೈದು ಜನರ ರಗ್ಬಿಗೆ ಬೇಕಾದ ಪೂರ್ಣ ಮೈದಾನದಲ್ಲೇ ಇಲ್ಲಿ ಏಳೇಳು ಜನ ಆಡುತ್ತಾರೆ. ಏಳು ನಿಮಿಷದ ಎರಡು ಅವಧಿ, ನಡುವೆ ಎರಡು ನಿಮಿಷದ ಬಿಡುವು. ಒಂದೇ ದಿನ ಎರಡು ಮೂರು ಪಂದ್ಯ. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಟ್ರೈ, ಐದು ಅಂಕ. ಆಮೇಲಿನ ಕಿಕ್ ಕಂಬಗಳ ನಡುವೆ ಹೋದರೆ ಇನ್ನೆರಡು. ಹದಿನೈದರ ಆಟದಲ್ಲಿ ಅಂಕ ಬಿಟ್ಟುಕೊಟ್ಟ ತಂಡ ಚೆಂಡನ್ನು ಒದ್ದು ಆಟ ಮುಂದುವರಿಸುತ್ತದೆ. ಸೆವೆನ್ಸ್‌ನಲ್ಲಿ ಅಂಕ ಗಳಿಸಿದ ತಂಡವೇ ಒದೆಯಬೇಕು. ಹಾಗಾಗಿ ಟ್ರೈ ಹೊಡೆದ ಕೂಡಲೇ ಚೆಂಡು ಕೈತಪ್ಪುವ ಭಯ ಶುರುವಾಗುತ್ತದೆ. ಹದಿನಾಲ್ಕು ನಿಮಿಷದಲ್ಲಿ ಒಂದು ತಂಡದ ಕೈಗೆ ಚೆಂಡು ಸರಿಯಾಗಿ ಸಿಗುವುದು ಕೆಲವೇ ಸಲ.

ಅಷ್ಟು ಅಗಲದ ಬಯಲಿನಲ್ಲಿ ಏಳೇ ಜನ ಇದ್ದಾಗ ವೇಗವೇ ಎಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಅಮೆರಿಕದವರಿಗೆ ಹಾಗೇ ಅನ್ನಿಸಿತ್ತು. ಓಟದ ಹಾದಿಯಿಂದ ಬಂದ ಕಾರ್ಲಿನ್ ಐಲ್ಸ್‌ನಂಥವನಿಂದ ಅವರಿಗೆ ರಾಶಿ ಟ್ರೈಗಳೂ ಸಿಕ್ಕವು. ಟ್ರೈಗಳ ಪಟ್ಟಿಯ ಮೇಲ್ತುದಿಯಲ್ಲಿ ಇಂಗ್ಲೆಂಡಿನ ಡ್ಯಾನ್ ನಾರ್ಟನ್, ಅಮೆರಿಕದ ಪೆರಿ ಬೇಕರ್ ಇದ್ದಾರೆ. ತುವಾಯಿ ಆ ಪಟ್ಟಿಯಿಂದ ಹೆಸರು ಮಾಡಿದವನಲ್ಲ. ಅವನು ಗಿಡ್ಡ, ಎದುರಿಗೆ ನಿಂತವರಿಗಿಂತ ಹಗುರ. ನೇರ ಓಟದಲ್ಲಿ ಅವನಿಗಿಂತ ಚುರುಕಾದವರು ಅವನದೇ ತಂಡದಲ್ಲಿ ಮೂರು ನಾಲ್ಕು ಜನ ಯಾವಾಗಲೂ ಇರುತ್ತಿದ್ದರು. ಅವನ ಕೆಲಸ ಆ ಓಟಗಾರರಿಗೆ ಬಾಗಿಲು ತೆರೆಯುವುದಾಗಿತ್ತು.

ಅದು ನಡೆಯುತ್ತಿದ್ದ ಬಗೆ ಹೀಗೆ. ಎರಡೂ ತಂಡದವರು ಒಬ್ಬರನ್ನೊಬ್ಬರು ತಳ್ಳುವ ಸ್ಕ್ರಮ್‌ನಿಂದಲೋ ನೆಲಕ್ಕೆ ಬಿದ್ದ ಆಟಗಾರನ ಬಳಿಯಿಂದಲೋ ಚೆಂಡು ತುವಾಯಿಗೆ ಬರುತ್ತದೆ. ಆ ಕ್ಷಣ ಉಳಿದವರಾದರೆ ಓಡುತ್ತಾರೆ. ತುವಾಯಿ ನಿಧಾನಿಸುತ್ತಾನೆ, ಕೆಲವೊಮ್ಮೆ ನಿಂತೇಬಿಡುತ್ತಾನೆ. ಚೆಂಡು ಎರಡೂ ಕೈಯಲ್ಲಿ, ಎದೆಯ ಮಟ್ಟದಲ್ಲಿ, ಎಲ್ಲರಿಗೂ ಕಾಣುವ ಹಾಗೆ. ಕಾಲುಗಳು ಮಾತ್ರ ಸಣ್ಣ ಸಣ್ಣ ಹೆಜ್ಜೆಯಲ್ಲಿ ನೆಲ ತಟ್ಟುತ್ತಿರುತ್ತವೆ. ಎದುರಿಗಿನ ರಕ್ಷಕನಿಗೆ ಈಗ ಇಕ್ಕಟ್ಟು: ಮುನ್ನುಗ್ಗಿದರೆ ಪಕ್ಕದಲ್ಲಿ ಜಾಗ ಬಿಟ್ಟಂತೆ, ಕಾದರೆ ತುವಾಯಿಗೆ ಸಮಯ ಕೊಟ್ಟಂತೆ. ಕಬಡ್ಡಿಯಲ್ಲಿ ಒಳ್ಳೆಯ ರೈಡರ್ ಬೋನಸ್ ಗೆರೆಯ ಹತ್ತಿರ ಕಾಲು ಚಾಚಿ ಮೂಲೆಯವನನ್ನು ಒಂದು ಹೆಜ್ಜೆ ಮುಂದಕ್ಕೆ ಎಳೆಯುತ್ತಾನಲ್ಲ, ಹಾಗೆ ಇವನು ರಕ್ಷಕನ ತೂಕ ಹೊರಗಾಲಿನ ಮೇಲೆ ಬೀಳುವುದನ್ನೇ ಕಾಯುತ್ತಾನೆ. ತೂಕ ಬಿದ್ದ ಮರುಗಳಿಗೆ ಒಳಗಡೆಗೆ ಒಂದು ಸೈಡ್‌ಸ್ಟೆಪ್. ಪಕ್ಕದ ರಕ್ಷಕ ಆ ಬಿರುಕು ಮುಚ್ಚಲು ವಾಲುತ್ತಾನೆ. ಅವನು ವಾಲಿದ ಕಡೆಯಿಂದ ಅಂಚಿನಲ್ಲಿ ಓಡುತ್ತಿರುವವನಿಗೆ ಪಾಸ್ ಹೋಗಿರುತ್ತದೆ. ನಾವು ಟಿವಿಯಲ್ಲಿ ನೋಡುವುದು ಆ ಅಂಚಿನವನ ಅರವತ್ತು ಮೀಟರ್ ಓಟ. ವೀಕ್ಷಕ ವಿವರಣೆಕಾರ ಕೂಗುವುದೂ ಅವನ ಹೆಸರನ್ನೇ. ಟ್ರೈ ಆಗಿದ್ದು ಮಾತ್ರ ನಾಲ್ಕು ಸೆಕೆಂಡು ಮೊದಲು, ತುವಾಯಿ ನಿಂತಲ್ಲಿ.

ಈ ನಿಧಾನ ಕಲಿತದ್ದು ಎಲ್ಲಿ? ಬಾಟಲಿಯ ಕಥೆಗೆ ಸ್ವಲ್ಪ ಪಾಲು ಕೊಡಲೇಬೇಕಾದ ಜಾಗ ಇದು. ವೃತ್ತದ ಹುಲ್ಲು ಎಂದರೆ ಕಿರಿದಾದ ಜಾಗ, ಸುತ್ತ ವಾಹನ. ಅಂಥಲ್ಲಿ ಉದ್ದಕ್ಕೆ ಓಡಿ ಗೆಲ್ಲಲಾಗದು, ಹತ್ತಿರದವನನ್ನು ಯಾಮಾರಿಸಿಯೇ ಗೆಲ್ಲಬೇಕು. ಫಿಜಿಯಲ್ಲಿ ಹಾಗೆ ಆಡಿ ಬೆಳೆದ ಹುಡುಗರು ಸಾವಿರಾರು. ಅವರೆಲ್ಲ ತುವಾಯಿ ಆಗಲಿಲ್ಲ. ಇನ್ನೊಂದು ಸಂಗತಿಯನ್ನು ಕಥೆ ಹೇಳುವವರು ಹಗುರಾಗಿ ದಾಟುತ್ತಾರೆ: ಅವನು ರಾಷ್ಟ್ರೀಯ ತಂಡಕ್ಕೆ ಮೊದಲು ಆಡಿದ್ದು 2014ರ ಅಕ್ಟೋಬರ್‌ನಲ್ಲಿ, ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿ. ಹುಟ್ಟಿದ್ದು 1989ರ ಮಾರ್ಚ್. ಅಂದರೆ ಆಗಲೇ 25 ತುಂಬಿತ್ತು. ಕಾಲಿನ ಚುರುಕೇ ಬಂಡವಾಳವಾದ ಆಟದಲ್ಲಿ ಅದು ತಡ. ಇಂಥ ಆಟಗಾರ ಅಷ್ಟು ವರ್ಷ ಕಣ್ಣಿಗೆ ಬೀಳದೆ ಉಳಿದದ್ದು ಹೇಗೆ? ಎತ್ತರ, ತೂಕ, ಹಳ್ಳಿ ಹೆಸರು, ಶಾಲೆಯ ಹೆಸರು ನೋಡುವ ಆಯ್ಕೆಗಾರರಿಗೆ ಸುವಾದ ಅಂಚಿನ ಗಿಡ್ಡ ಹುಡುಗ ಕಂಡಿರಲಿಕ್ಕಿಲ್ಲ ಎಂಬುದು ನನ್ನ ಊಹೆ. ಬಡತನ ಅವನನ್ನು ರೂಪಿಸಿತು ಎಂದು ಕೊಂಡಾಡುವವರು ಅದೇ ಬಡತನ ಅವನ ಆಟದ ನಾಲ್ಕೈದು ವರ್ಷವನ್ನು ತಿಂದಿರಬಹುದೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅವನನ್ನು ಆರಿಸಿದ್ದು ಬೆನ್ ರಯಾನ್. ಇಂಗ್ಲೆಂಡ್ ಸೆವೆನ್ಸ್ ತಂಡದ ತರಬೇತುದಾರರಾಗಿದ್ದ ಈ ಕೆಂಪು ಕೂದಲಿನ ಮನುಷ್ಯ 2013ರಲ್ಲಿ ಫಿಜಿಗೆ ಬಂದಾಗ ಅಲ್ಲಿನ ರಗ್ಬಿ ಸಂಸ್ಥೆಯ ಖಜಾನೆ ಬರಿದಾಗಿತ್ತು. ಮೊದಲ ತಿಂಗಳುಗಳ ಸಂಬಳವೂ ಅವರಿಗೆ ಸಿಗಲಿಲ್ಲ. ರಯಾನ್ ಫಿಜಿಗೆ ಕಲೆ ಕಲಿಸಲಿಲ್ಲ, ಅದು ಅಲ್ಲಿ ಧಾರಾಳವಾಗಿತ್ತು. ಅವರು ತಂದದ್ದು ಊಟದ ಶಿಸ್ತು, ದಮ್ಮಿನ ಪರೀಕ್ಷೆ, ಸಿಗಟೋಕಾದ ಮರಳುದಿಬ್ಬಗಳ ಮೇಲೆ ಹತ್ತಿಳಿಯುವ ಕಠಿಣ ಓಟ. ಫಿಜಿಯ ಹಳೆಯ ಕಾಯಿಲೆ ಗೊತ್ತಿದ್ದದ್ದೇ: ಹತ್ತು ನಿಮಿಷ ಗಂಧರ್ವರಂತೆ ಆಡಿ ಕೊನೆಯ ನಾಲ್ಕು ನಿಮಿಷದಲ್ಲಿ ಏದುಸಿರು ಬಿಡುವುದು. ತುವಾಯಿಯ ಆಟಕ್ಕೆ ಈ ಶಿಸ್ತು ಎಲ್ಲರಿಗಿಂತ ಹೆಚ್ಚು ಬೇಕಿತ್ತು. ಕಾಯುವ ಆಟಗಾರನಿಗೆ ದಣಿವು ಶತ್ರು. ದಣಿದ ತಲೆ ಕಾಯಲಾರದು, ಅವಸರದಲ್ಲಿ ಪಾಸ್ ಮಾಡುತ್ತದೆ. ಸೆವೆನ್ಸ್‌ನ 2014–15 ಮತ್ತು 2015–16ರ ವಿಶ್ವ ಸರಣಿಗಳನ್ನು ಫಿಜಿ ಬೆನ್ನುಬೆನ್ನಿಗೆ ಗೆದ್ದದ್ದು ಕಲೆ, ಶಿಸ್ತು ಎರಡೂ ಒಂದೆಡೆ ಕೂಡಿದ್ದರಿಂದ.

ರಿಯೊ ಬಗ್ಗೆ ಬೇಕಾದಷ್ಟು ಬರೆದಾಗಿದೆ. 2016ರ ಆಗಸ್ಟ್ 11ರ ಫೈನಲ್‌ನಲ್ಲಿ ಗ್ರೇಟ್ ಬ್ರಿಟನ್ ವಿರುದ್ಧ 43-7. ವಿರಾಮದ ಹೊತ್ತಿಗೇ 29-0. ಆ ಟ್ರೈಗಳಲ್ಲಿ ಒಂದು ತುವಾಯಿಯದು. ಯಾವ ಕ್ರೀಡೆಯಲ್ಲೂ ಫಿಜಿಗೆ ಅಲ್ಲಿಯವರೆಗೆ ಒಲಿಂಪಿಕ್ ಪದಕ ಬಂದಿರಲಿಲ್ಲ. ಪದಕ ಕೊಡಲು ಬಂದ ಬ್ರಿಟನ್ನಿನ ರಾಜಕುಮಾರಿ ಆ್ಯನ್ ಎದುರು ಆಟಗಾರರು ಒಬ್ಬೊಬ್ಬರಾಗಿ ಮಂಡಿಯೂರಿ, ಬೊಗಸೆ ಮಾಡಿದ ಕೈಗಳನ್ನು ತಟ್ಟಿ ತಮ್ಮ ರೂಢಿಯಂತೆ ಗೌರವ ಸಲ್ಲಿಸಿದರು. ಒಂದು ಕಾಲದ ವಸಾಹತು ತನ್ನ ಹಳೆಯ ಒಡೆಯರನ್ನು ಅವರದೇ ಆಟದಲ್ಲಿ ಬಡಿದು, ಆಮೇಲೆ ಅವರ ಮುಂದೆಯೇ ಮಂಡಿಯೂರಿದ್ದನ್ನು ಹೇಗೆ ಓದಬೇಕೆಂಬುದು ಬೇರೆ ಬರಹದ ವಸ್ತು. ಮರುವರ್ಷ ಫಿಜಿ ಏಳು ಡಾಲರಿನ ನೋಟನ್ನೇ ಅಚ್ಚುಹಾಕಿತು, ಅದರ ಮೇಲೆ ನಾಯಕ ಓಸಿಯಾ ಕೊಲಿನಿಸಾವು ಮತ್ತು ರಯಾನ್.

ಆದರೆ ವಿಮರ್ಶೆಯ ದೃಷ್ಟಿಯಿಂದ ರಿಯೊ ತುವಾಯಿಯ ಶ್ರೇಷ್ಠ ಆಟವಲ್ಲ. ಫೈನಲ್‌ನ ಅಂಕ ನೋಡಿ ಮೋಸ ಹೋಗಬಾರದು. ಅಮೆರಿಕದ ವಿರುದ್ಧ 24-19, ಅರ್ಜೆಂಟೀನಾ ವಿರುದ್ಧ 21-14, ಕ್ವಾರ್ಟರ್‌ಫೈನಲ್‌ನಲ್ಲಿ ನ್ಯೂಜಿಲೆಂಡ್ ಎದುರು 12-7. ಉಸಿರು ಬಿಗಿಹಿಡಿದು ದಾಟಿದ ಪಂದ್ಯಗಳಿವು. ಆ ತಂಡದಲ್ಲಿ ಲಿಯೋನೆ ನಕರಾವಾ ಎಂಬ ಅದ್ಭುತ ಇದ್ದ. ಟ್ಯಾಕಲ್ ಮಾಡಿದವರನ್ನು ಮೈಗೆ ಅಂಟಿಸಿಕೊಂಡೇ ಒಂದು ಕೈಯಲ್ಲಿ ಚೆಂಡು ದಾಟಿಸುತ್ತಿದ್ದವನು ಅವನು. ಜೋಸುವಾ ತುಯಿಸೋವಾ, ವಿಲಿಯಾಮೆ ಮಾತಾ, ಸೆಮಿ ಕುನತಾನಿ ಇದ್ದರು. ಅಂಥ ಬಲಿಷ್ಠರ ನಡುವೆ ತುವಾಯಿ ಒಳ್ಳೆಯ ಸಂಗಾತಿ, ಅಷ್ಟೆ.

ಆ ಬಲಿಷ್ಠರೆಲ್ಲ ಆಮೇಲೆ ಎಲ್ಲಿ ಹೋದರು ಎಂಬುದು ಮುಖ್ಯ. ತುಯಿಸೋವಾ ಫ್ರಾನ್ಸಿನ ಟೂಲಾನ್‌ನಲ್ಲಿ, ನಕರಾವಾ ಪ್ಯಾರಿಸಿನ ರೇಸಿಂಗ್‌ನಲ್ಲಿ, ಮಾತಾ ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ. ಹದಿನೈದರ ರಗ್ಬಿಯಲ್ಲಿ ಹಣವಿದೆ, ಯುರೋಪಿನ ಕ್ಲಬ್‌ಗಳು ಫಿಜಿಯ ಆಟಗಾರರನ್ನು ಕಣ್ಣುಮುಚ್ಚಿ ಒಯ್ಯುತ್ತವೆ. ಹತ್ತು ಲಕ್ಷ ಜನಸಂಖ್ಯೆಯೂ ಇಲ್ಲದ ದ್ವೀಪರಾಷ್ಟ್ರಕ್ಕೆ ಆಟಗಾರರೆಂದರೆ ಸಕ್ಕರೆಯ ಜೊತೆಗಿನ ಇನ್ನೊಂದು ರಫ್ತು. ಸೆವೆನ್ಸ್ ಅವರ ಪಾಲಿಗೆ ಅಂಗಡಿಯ ಮುಂಭಾಗ, ಸರಕು ಮಾರಾಟವಾಗುವುದು ಒಳಗೆ. ಹೋದವರನ್ನು ದೂರುವುದು ತಪ್ಪು, ಅವರಿಗೂ ಮನೆಗಳಿವೆ. ತುವಾಯಿ ಉಳಿದ. ಅವನ ಮೈಕಟ್ಟಿಗೆ ಹದಿನೈದರ ಆಟದಲ್ಲಿ ಗಿರಾಕಿ ಕಡಿಮೆ ಇದ್ದದ್ದೂ ಒಂದು ಕಾರಣವಿರಬಹುದು, ಅದನ್ನು ತ್ಯಾಗವೆಂದು ಬಣ್ಣ ಬಳಿಯಬೇಕಾಗಿಲ್ಲ. ಉಳಿದದ್ದರ ಫಲ ಮಾತ್ರ ದೊಡ್ಡದು. ಬೇರೆಯವರಿಗೆ ಮೆಟ್ಟಿಲಾಗಿದ್ದ ಆಟ ಅವನಿಗೆ ಮನೆಯಾಯಿತು. ವರ್ಷದಿಂದ ವರ್ಷಕ್ಕೆ ಅದೇ ಹದಿನಾಲ್ಕು ನಿಮಿಷಗಳನ್ನು ತಿದ್ದುತ್ತಾ ಕೂತ. 2018–19ರಲ್ಲಿ ಫಿಜಿ ಮತ್ತೆ ವಿಶ್ವ ಸರಣಿ ಗೆದ್ದು, ತುವಾಯಿ ವರ್ಷದ ಆಟಗಾರನಾದಾಗ ಅವನು ತಂಡದ ಮಿದುಳಾಗಿದ್ದ.

ಟೋಕಿಯೊ ಅವನ ಅತ್ಯುತ್ತಮ ಕೃತಿ. ಅದರ ಬಗ್ಗೆ ಬಂದ ಬರಹಗಳೂ ಒಂದು ಕಥೆಗೇ ಜೋತುಬಿದ್ದಿವೆ. ಕೊರೊನಾ ಹಬ್ಬಿದ್ದರಿಂದ ಆಟಗಾರರು ತಿಂಗಳುಗಟ್ಟಲೆ ಹೆಂಡತಿ ಮಕ್ಕಳ ಮುಖ ನೋಡದೆ ಶಿಬಿರದಲ್ಲೇ ಉಳಿದರು. ಜಪಾನಿಗೆ ಹೋದದ್ದು ಮೀನು ಹೊತ್ತ ಸರಕು ವಿಮಾನದಲ್ಲಿ. ಆಡಿದ್ದು ಪ್ರೇಕ್ಷಕರೇ ಇಲ್ಲದ ಕ್ರೀಡಾಂಗಣದಲ್ಲಿ. ಎಲ್ಲವೂ ನಿಜ, ಎಲ್ಲವೂ ಮನಕಲಕುವಂಥದ್ದೇ. ಆದರೆ ಆಟದ ಕಡೆಯಿಂದ ನೋಡಿದರೆ ಸಮಸ್ಯೆ ಬೇರೆ ಇತ್ತು. ರಿಯೊ ತಂಡದಿಂದ ಟೋಕಿಯೊಗೆ ಬಂದವನು ತುವಾಯಿ ಒಬ್ಬನೇ. ವಿಶ್ವ ಸರಣಿಯೇ ನಿಂತುಹೋಗಿ ತಂಡಕ್ಕೆ ದೊಡ್ಡ ಪಂದ್ಯಗಳ ಅಭ್ಯಾಸವಿರಲಿಲ್ಲ. ಸೆಮಿ ರಾದ್ರಾದ್ರಾನಂಥವರು ರಗ್ಬಿ ಲೀಗ್ ಎಂಬ ಬೇರೆ ಬಗೆಯ ರಗ್ಬಿಯ ಮತ್ತು ಹದಿನೈದರ ಆಟದ ದೊಡ್ಡ ಹೆಸರುಗಳು. ಭಯಂಕರ ಶಕ್ತಿ, ಆದರೆ ಸೆವೆನ್ಸ್‌ನ ಲಯ ಮೈಗೂಡಿದವರಲ್ಲ. ಜೊತೆಗೆ ಜಿಯುತಾ ವೈನಿಕೊಲೊ, ಸಿರೇಲಿ ಮಕಾಲಾರಂಥ ಎಳೆಯರು. ತರಬೇತುದಾರ ವೇಲ್ಸ್‌ನ ಗರೆತ್ ಬೇಬರ್. ಇವರನ್ನೆಲ್ಲ ಒಂದು ತಾಳಕ್ಕೆ ತರಬೇಕಾದವನು 32 ವರ್ಷದ ನಾಯಕ ತುವಾಯಿ.

ಮೊದಲ ಪಂದ್ಯದಲ್ಲೇ ಆತಿಥೇಯ ಜಪಾನ್ ನೀರು ಕುಡಿಸಿತು. 24-19ರಲ್ಲಿ ಫಿಜಿ ಬಚಾವಾಯಿತು. ದೊಡ್ಡ ಆಟಗಾರರು ಚೆಂಡು ಸಿಕ್ಕಿದ್ದೇ ತಡ ಎದುರಾಳಿಯ ಎದೆಗೆ ನುಗ್ಗುತ್ತಿದ್ದರು. ಕೆನಡಾ ವಿರುದ್ಧ 28-14, ಬ್ರಿಟನ್ ವಿರುದ್ಧ 33-7, ಕ್ವಾರ್ಟರ್‌ಫೈನಲ್‌ನಲ್ಲಿ ಆಸ್ಟ್ರೇಲಿಯಾಕ್ಕೆ ಒಂದಂಕವನ್ನೂ ಕೊಡದೆ 19-0, ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾ ಮೇಲೆ 26-14, ಜುಲೈ 28ರ ಫೈನಲ್‌ನಲ್ಲಿ ನ್ಯೂಜಿಲೆಂಡ್ ಮೇಲೆ 27-12. ಈ ಅಂಕಗಳ ಸಾಲಿನಲ್ಲಿ ಒಂದು ಬೆಳವಣಿಗೆ ಇದೆ. ಪಂದ್ಯದಿಂದ ಪಂದ್ಯಕ್ಕೆ ತಂಡ ನಿಧಾನಿಸುವುದನ್ನು ಕಲಿಯಿತು. ತುವಾಯಿ ಚೆಂಡು ಹಿಡಿದು ಇಬ್ಬರು ರಕ್ಷಕರನ್ನು ತನ್ನತ್ತ ಸೆಳೆದುಕೊಳ್ಳುವವರೆಗೆ ರಾದ್ರಾದ್ರಾ ಓಟ ಶುರುಮಾಡುತ್ತಿರಲಿಲ್ಲ. ಆಮೇಲೆ ಶುರುಮಾಡಿದರೆ ತಡೆಯಲು ಒಬ್ಬನೇ ಉಳಿದಿರುತ್ತಿದ್ದ, ಒಬ್ಬನಿಂದ ರಾದ್ರಾದ್ರಾನನ್ನು ತಡೆಯುವುದು ಆಗದ ಮಾತು. ಫೈನಲ್‌ನಲ್ಲಿ ನ್ಯೂಜಿಲೆಂಡ್ ಕೆಟ್ಟದಾಗಿ ಆಡಲಿಲ್ಲ, ಅದಕ್ಕೆ ಚೆಂಡು ಸಿಗಲಿಲ್ಲ. ಮುಂದಿದ್ದಾಗ ಚೆಂಡನ್ನು ತಮ್ಮಲ್ಲೇ ಇಟ್ಟುಕೊಂಡು ಗಡಿಯಾರ ಸರಿಸುವುದು ಫಿಜಿಯವರಿಗೆ ಬೇಸರದ ಕೆಲಸ. ಹಿಂದಿನ ಎಷ್ಟೋ ಫಿಜಿ ತಂಡಗಳು ಅಂಥ ಹೊತ್ತಿನಲ್ಲೇ ಒಂದು ಹುಚ್ಚು ಪಾಸ್ ಎಸೆದು ಗೆದ್ದ ಪಂದ್ಯವನ್ನು ಸೋತಿವೆ. ಆ ಸಂಜೆ ತುವಾಯಿ ತನ್ನವರನ್ನು ಬೇಸರದ ಕೆಲಸಕ್ಕೆ ಹಚ್ಚಿದ. ಮಾಂತ್ರಿಕ ಎನ್ನುವವರು ನೋಡಬೇಕಾದದ್ದು ಈ ಮಂತ್ರವನ್ನು.

ಇಲ್ಲಿ ವೈಸಾಲೆ ಸೆರೆವಿಯ ಹೆಸರು ಬರದಿದ್ದರೆ ಫಿಜಿಯ ಯಾವ ಮಾತೂ ಪೂರ್ತಿಯಾಗದು. 1968ರಲ್ಲಿ ಹುಟ್ಟಿದ ಸೆರೆವಿ ಈ ಆಟದ ಮೊದಲ ಮಹಾಪುರುಷ. ಹಾಂಗ್‌ಕಾಂಗ್‌ನಲ್ಲಿ 1997ರ ವಿಶ್ವಕಪ್ ಸೆವೆನ್ಸ್ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕವನ್ನು 24-21ರಿಂದ, ಎಂಟು ವರ್ಷದ ನಂತರ ಅದೇ ಊರಿನಲ್ಲಿ ನ್ಯೂಜಿಲೆಂಡನ್ನು 29-19ರಿಂದ ಸೋಲಿಸಿದಾಗ ಎರಡೂ ಸಲ ನಾಯಕ ಅವನೇ. ಎರಡನೆಯ ಸಲ ಅವನಿಗೆ 36. ಸೆರೆವಿಯ ಆಟದಲ್ಲಿ ಒಂದು ಸೊಕ್ಕಿತ್ತು, ಸುಂದರವಾದ ಸೊಕ್ಕು. ಎಡಕ್ಕೆ ನೋಡಿ ಬಲಕ್ಕೆ ಪಾಸ್ ಮಾಡುವುದು, ಗೆರೆ ದಾಟುವ ಮೊದಲು ಓಟವನ್ನೇ ನಿಲ್ಲಿಸಿಬಿಡುವುದು, ಎದುರಾಳಿ ಅವಮಾನದಿಂದ ಕುದಿಯುವುದು. ಸೆವೆನ್ಸ್ ಒಂದು ಕಲೆಯಾಗಬಲ್ಲದು ಎಂದು ಜಗತ್ತಿಗೆ ತೋರಿಸಿದವನು ಅವನು. 1997ರ ಗೆಲುವಿನ ಬಳಿಕ ಇಂಗ್ಲೆಂಡಿನ ಲೆಸ್ಟರ್ ಕ್ಲಬ್ ಅವನನ್ನು ಕರೆಸಿಕೊಂಡಿತು, ಆದರೆ ಅಲ್ಲಿ ಅವನನ್ನು ಎಲ್ಲಿ ಆಡಿಸುವುದೆಂದೇ ಸರಿಯಾಗಿ ತಿಳಿಯಲಿಲ್ಲ. ಸೆವೆನ್ಸ್ ಒಲಿಂಪಿಕ್ಸ್‌ಗೆ ಸೇರುವ ತೀರ್ಮಾನವಾದದ್ದೇ 2009ರಲ್ಲಿ. ಹಾಗಾಗಿ ಸೆರೆವಿಯ ಹತ್ತಿರ ಒಲಿಂಪಿಕ್ ಪದಕವಿಲ್ಲ, ತುವಾಯಿಯ ಹತ್ತಿರ ಮೂರಿವೆ. ಪದಕ ಎಣಿಸಿ ಇಬ್ಬರನ್ನು ತೂಗುವವರು ಈ ದಿನಾಂಕವನ್ನು ಮರೆಯುತ್ತಾರೆ.

ಆದರೆ ನಿಜವಾದ ವ್ಯತ್ಯಾಸ ಪದಕದ್ದಲ್ಲ. ಸೆರೆವಿಯ ತಂಡ ಸೆರೆವಿಯ ಸುತ್ತ ತಿರುಗುತ್ತಿತ್ತು, ಅವನು ಚೆಂಡು ಮುಟ್ಟದ ಟ್ರೈ ಅಪರೂಪ. ತುವಾಯಿ ತಂಡದ ಸುತ್ತ ತಿರುಗುತ್ತಾನೆ. ಅವನ ಅತ್ಯುತ್ತಮ ಕೆಲಸಗಳಲ್ಲಿ ಕೆಲವು ಚೆಂಡಿಲ್ಲದೆ ಆದವು: ಹಿಂದೆ ಒಬ್ಬನೇ ನಿಂತು ಕೊನೆಯ ರಕ್ಷಕನಾಗಿ ತನಗಿಂತ ಮೂವತ್ತು ಕಿಲೊ ಹೆಚ್ಚಿನವನ ಕಾಲಿಗೆ ಬಿದ್ದು ಕೆಡವುವುದು, ಬಿದ್ದವನ ಮೇಲಿನಿಂದ ಎದ್ದು ಚೆಂಡಿಗೆ ಕೈಹಾಕುವುದು. ಗಿಡ್ಡ ಆಟಗಾರನಿಗೆ ಈ ಕೆಲಸ ಮೈ ಮುರಿಯುವಂಥದ್ದು. ಮುಖ್ಯಾಂಶಗಳ ವಿಡಿಯೊಗಳಲ್ಲಿ ಇದು ಸಿಗುವುದಿಲ್ಲ.

ಪ್ಯಾರಿಸ್ ಬಗ್ಗೆ ಅಭಿಮಾನಿಗಳು ಮೆಲ್ಲಗೆ ಮಾತಾಡುತ್ತಾರೆ. ಮೆಲ್ಲಗೇಕೆ? ತಂಡದಿಂದ ದೂರವಿದ್ದ ಕಾಲದ ನಂತರ 35ರ ತುವಾಯಿ ಮರಳಿದ. ತರಬೇತುದಾರನ ಜಾಗದಲ್ಲಿ ಈಗ ರಿಯೊದ ನಾಯಕ ಕೊಲಿನಿಸಾವು ಇದ್ದ. ಫಿಜಿ ಫ್ರಾನ್ಸನ್ನು ಗುಂಪಿನ ಪಂದ್ಯದಲ್ಲಿ 19-12ರಿಂದ ಸೋಲಿಸಿತು, ಕ್ವಾರ್ಟರ್‌ಫೈನಲ್‌ನಲ್ಲಿ ಐರ್ಲೆಂಡ್ ಮೇಲೆ 19-15, ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾ ಮೇಲೆ 31-7. ಮೂರು ಒಲಿಂಪಿಕ್ಸ್ ಸೇರಿ ಸತತ 17 ಗೆಲುವು. ಫೈನಲ್‌ನಲ್ಲಿ ಜೊಸೇವಾ ತಲಕೊಲೊ ಬೇಗನೆ ಟ್ರೈ ಹೊಡೆದ, ವಿರಾಮಕ್ಕೆ 7-7. ಎರಡನೆಯ ಅವಧಿಗೆ ಫ್ರಾನ್ಸ್ ಆಂತ್ವಾನ್ ದ್ಯುಪೋನನ್ನು ಇಳಿಸಿತು. ಹದಿನೈದರ ರಗ್ಬಿಯ ಅತಿ ದೊಡ್ಡ ಹೆಸರು ಸೆವೆನ್ಸ್ ಕಲಿಯಲೆಂದೇ ಆ ವರ್ಷ ಸ್ವಲ್ಪ ಸಮಯ ಮುಡಿಪಿಟ್ಟಿದ್ದ. ಬಂದ ಕೂಡಲೇ ಅಂಚಿನಲ್ಲಿ ಓಡಿ ಒಂದು ಟ್ರೈಗೆ ದಾರಿ ಮಾಡಿದ, ಆಮೇಲೆ ತಾನೇ ಎರಡು ಹೊಡೆದ. 28-7. ಅಲ್ಲಿ ತುವಾಯಿಯ ಮಿತಿ ಕಂಡಿತು. ಹಿಂದೆ ಬಿದ್ದಾಗ, ಗಡಿಯಾರ ಓಡುತ್ತಿರುವಾಗ, ಕಾಯುವ ಆಟಕ್ಕೆ ಕಾಯಲು ಸಮಯವೇ ಇರುವುದಿಲ್ಲ. ಆಗ ಬೇಕಾದದ್ದು ಎಲ್ಲಿಂದಲೋ ಸಿಡಿದು ಬರುವ ಓಟ, ಅದು 35ರ ಕಾಲುಗಳಲ್ಲಿ ಉಳಿದಿರಲಿಲ್ಲ. 25ರ ಕಾಲುಗಳಲ್ಲೂ ಅವನ ಮುಖ್ಯ ಗುಣ ಅದಾಗಿರಲಿಲ್ಲ. ಅವನ ಆಟ ಸಮಬಲದ ಅಥವಾ ಮುಂದಿರುವ ತಂಡದ ಆಟ. ಸೋಲುತ್ತಿರುವ ತಂಡವನ್ನು ಒಬ್ಬನೇ ಎತ್ತಿ ನಿಲ್ಲಿಸುವುದರಲ್ಲಿ ಸೆರೆವಿ ಮೇಲು. ಇದನ್ನು ಹೇಳಲು ಹಿಂಜರಿಯಬೇಕಾದ ಕಾರಣವಿಲ್ಲ.

ಇನ್ನೊಂದು ದೊಡ್ಡ ಮಾತಿನ ಬಗ್ಗೆಯೂ ಅನುಮಾನವಿದೆ: ಸೆವೆನ್ಸ್ ಫಿಜಿಯನ್ನು ಒಂದು ಮಾಡಿತು ಎಂಬುದು. 1879ರಿಂದ 1916ರವರೆಗೆ ಅರವತ್ತು ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಗಿರಮಿಟ್ ಎಂಬ ಕೂಲಿ ಕರಾರಿನ ಮೇಲೆ ಫಿಜಿಯ ಕಬ್ಬಿನ ಗದ್ದೆಗಳಿಗೆ ಒಯ್ಯಲಾಯಿತು. 1903ರಿಂದ ಮದ್ರಾಸ್ ಬಂದರಿನಿಂದ ದಕ್ಷಿಣದವರೂ ಹಡಗು ಹತ್ತಿದರು. ಅವರ ಮೊಮ್ಮಕ್ಕಳ ಆಟ ಬಹುಪಾಲು ಫುಟ್‌ಬಾಲ್, ರಗ್ಬಿ ಮೂಲನಿವಾಸಿ ಇತೌಕೆಯರದು. 1987 ಮತ್ತು 2000ದ ಕ್ಷಿಪ್ರಕ್ರಾಂತಿಗಳು ಈ ಎರಡು ಸಮುದಾಯಗಳ ನಡುವಿನ ಬಿರುಕಿನ ಮೇಲೆಯೇ ನಡೆದವು. ರಿಯೊದ ಗೆಲುವಿಗೆ ಸುವಾದ ಬೀದಿಗಳಲ್ಲಿ ಎಲ್ಲರೂ ಕುಣಿದದ್ದು ಸತ್ಯ. ಒಂದು ವಾರದ ಕುಣಿತ ನೂರು ವರ್ಷದ ಲೆಕ್ಕವನ್ನು ಚುಕ್ತಾ ಮಾಡಿತೆಂದು ಬರೆಯುವವರು ಆಟಗಾರನ ಹೆಗಲಿಗೆ ಹೊರಲಾಗದ ಹೊರೆ ಹೇರುತ್ತಾರೆ. ಚೆಂಡು ಆಡುವವನಿಗೆ ಆಡುವುದಷ್ಟೇ ಸಾಕು, ರಾಷ್ಟ್ರ ಕಟ್ಟುವ ಕೆಲಸಕ್ಕೆ ಬೇರೆಯವರಿಗೆ ಸಂಬಳ ಸಿಗುತ್ತದೆ.

ಹಾಗಾದರೆ ತುವಾಯಿಯ ಜಾಗ ಯಾವುದು? ಕಲ್ಪನೆಯಲ್ಲಿ ಸೆರೆವಿ ಅವನಿಗಿಂತ ದೊಡ್ಡವನು, ಇನ್ನೂ ಬಹುಕಾಲ ದೊಡ್ಡವನಾಗಿಯೇ ಇರುತ್ತಾನೆ. ಓಟದಲ್ಲಿ, ಶಕ್ತಿಯಲ್ಲಿ ತುವಾಯಿಯ ಸಂಗಾತಿಗಳೇ ಅವನಿಗಿಂತ ಮುಂದಿದ್ದರು. ತೀರ್ಮಾನ ತೆಗೆದುಕೊಳ್ಳುವುದರಲ್ಲಿ, ಅಂದರೆ ಯಾವಾಗ ಕೊಡಬೇಕು, ಯಾವಾಗ ಹಿಡಿದಿಟ್ಟುಕೊಳ್ಳಬೇಕು, ಯಾವಾಗ ಪೆಟ್ಟು ತಿಂದರೂ ನಿಲ್ಲಬೇಕು ಎಂಬ ವಿವೇಕದಲ್ಲಿ, ಫಿಜಿ ಅವನಂಥ ಇನ್ನೊಬ್ಬನನ್ನು ಹುಟ್ಟಿಸಿಲ್ಲ. ದಶಕದ ಆಟಗಾರ ಎಂಬ ಪ್ರಶಸ್ತಿ ಅವನಿಗೆ ಸಂದದ್ದು ಸರಿಯಾಗಿಯೇ ಇತ್ತು.

ಟೋಕಿಯೊ ಫೈನಲ್‌ನ ಪೂರ್ತಿ ವಿಡಿಯೊ ಸಿಕ್ಕರೆ ಒಮ್ಮೆ ನೋಡಿ. ಟ್ರೈಗಳನ್ನು ಯಾರು ಹೊಡೆದರೆಂದು ತಲೆಕೆಡಿಸಿಕೊಳ್ಳಬೇಡಿ, ಕಣ್ಣು ತುವಾಯಿಯ ಮೇಲೇ ಇರಲಿ, ಅವನ ಕೈಯಲ್ಲಿ ಚೆಂಡು ಇಲ್ಲದಾಗಲೂ.